‘ಬೇಡ’ ಅನ್ನೋ ಕಾರ್ಡ್ ಮೊದಲು ಮಾಡಿ

ಬೌದ್ಧಿಕ ನ್ಯೂನತೆ ಇದ್ದು ಮಾತು ಸರಿಯಾಗಿ ಬಾರದ ಹದಿಹರೆಯದವರು ಮನೆಯಲ್ಲಿದ್ದರೆ, ಕಾರ್ಡ್ ತೆಗೆದುಕೊಟ್ಟು ಬೇಕು, ಬೇಡ ಹೇಳೋಕೆ ಅವರಿಗೊಂದು ಚಿತ್ರದ ಪುಸ್ತಕ ಮಾಡಿಕೊಡಿ. ರಿಂಗ್ ಫೈಲ್, ಜೆರಾಕ್ಸ್ ಅಂಗಡಿಯ ಲ್ಯಾಮಿನೇಷನ್, ಕಾರ್ಡ್ ಅಂಟಿಸಿ ಕೀಳೋಕೆ ಒಂದಿಷ್ಟು ವೆಲ್ಕ್ರೋ ಟೇಪ್ ಇದ್ದರೆ ಆಯ್ತು.

ಎಲ್ಲರೂ ಅನ್ನ, ನೀರು, ಟಾಯ್ಲೆಟ್ ಅಂತ ಶುರು ಮಾಡುತ್ತಾರೆ. ಬೇಕು, ಸರಿ. ಆದರೆ 18 ವರ್ಷದ ಹುಡುಗನಿಗೆ ಹೇಳೋಕೆ ಇರೋದು ಅಷ್ಟೇನಾ? ‘ಬೇಡ’, ‘ಸಾಕು’, ‘ನೋವು’, ‘ಮುಟ್ಟಬೇಡಿ’ ಇವೂ ಬೇಕು. ಹುಡುಗಿಯಾದರೆ ಪ್ಯಾಡ್‌ನ ಕಾರ್ಡ್ ಇರಲೇಬೇಕು. ನಾಚಿಕೆ ಅಂತ ಮನೆಯವರು ಇವನ್ನೇ ಬಿಡುತ್ತಾರೆ. ಬೇಡ ಅನ್ನೋಕೆ ದಾರಿ ಇಲ್ಲದವರು ತಟ್ಟೆ ಎಸೆಯುತ್ತಾರೆ, ಕೈ ಕಚ್ಚಿಕೊಳ್ಳುತ್ತಾರೆ, ನಾವು ಅದಕ್ಕೆ ಹಠ ಅಂತ ಹೆಸರಿಡುತ್ತೇವೆ.

ವಸ್ತುಗಳಿಗೆ ಮೊಬೈಲಿನಲ್ಲೇ ಫೋಟೋ ತೆಗೆಯಿರಿ. ಅವರದೇ ಲೋಟ, ಅವರದೇ ಚಪ್ಪಲಿ. ಕೆಳಗೆ ಬಿಳಿ ಪಂಚೆ ಹಾಸಿ, ಒಂದು ಕಾರ್ಡಿಗೆ ಒಂದೇ ವಸ್ತು. ‘ಸಾಕು’, ‘ನೋವು’ ಅಂಥವಕ್ಕೆ ಸ್ಪೇನಿನ ಅರಾಸಾಕ್ (ARASAAC) ಜಾಲತಾಣದಲ್ಲಿ ಉಚಿತ ಚಿತ್ರಗಳು ಸಿಗುತ್ತವೆ. ಅಂಗನವಾಡಿ ಗೋಡೆಯ ಥರದ ಕಾರ್ಟೂನು ಮಾತ್ರ ಬೇಡ, ಇವರು ಪಾಪುಗಳಲ್ಲ. ಎರಡು ಇಂಚಿನ ಚೌಕ ಸಾಕು, ಬೆರಳ ಹಿಡಿತ ಕಡಿಮೆ ಇದ್ದರೆ ದೊಡ್ಡದು ಮಾಡಿ. ಕೆಳಗೆ ಕನ್ನಡದಲ್ಲಿ ಪದ ಬರೆಯಿರಿ, ಅಂಗಡಿಯವರಿಗೂ ಅರ್ಥವಾಗಬೇಕಲ್ವಾ.

ಇನ್ನು ಕಲಿಸೋದು. 1985ರಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ಆಂಡಿ ಬಾಂಡಿ, ಲೋರಿ ಫ್ರಾಸ್ಟ್ ರೂಪಿಸಿದ ‘ಪೆಕ್ಸ್’ (PECS) ಅನ್ನೋ, ಚಿತ್ರ ಕೊಟ್ಟು ಬೇಕಾದ್ದನ್ನು ಕೇಳೋ ಕ್ರಮದಲ್ಲಿ ಶುರುವಿಗೆ ಇಬ್ಬರು ಬೇಕು. ಒಬ್ಬರು ಎದುರಿಗೆ ಚಕ್ಕುಲಿ ಹಿಡಿದು ಕೂರುತ್ತಾರೆ, ‘ಏನು ಬೇಕು?’ ಅಂತ ಕೇಳೋದಿಲ್ಲ. ಇನ್ನೊಬ್ಬರು ಹಿಂದೆ ಕೂತು, ಹುಡುಗ ಚಕ್ಕುಲಿಗೆ ಕೈ ಚಾಚಿದಾಗ ಮಾತಾಡದೆ ಆ ಕೈಯಿಂದ ಚಕ್ಕುಲಿಯ ಕಾರ್ಡ್ ಎತ್ತಿಸಿ ಎದುರಿನವರಿಗೆ ಕೊಡಿಸುತ್ತಾರೆ. ಕಾರ್ಡ್ ಕೈಗೆ ಬಂದ ತಕ್ಷಣ ಎದುರಿನವರು ‘ಚಕ್ಕುಲಿ!’ ಅಂದು ಅದನ್ನು ಕೊಟ್ಟುಬಿಡಬೇಕು. ಹಿಂದಿನವರ ಸಹಾಯ ನಿಧಾನಕ್ಕೆ ಕಡಿಮೆಯಾಗುತ್ತಾ ಹೋಗಲಿ.

‘ಬೇಡ’ ಕಾರ್ಡನ್ನೂ ಹೀಗೇ ಕಲಿಸಬಹುದು. ಹಾಗಲಕಾಯಿ ಪಲ್ಯ ಮುಂದಿಡಿ, ಕಾರ್ಡ್ ಬಂತೋ, ತಟ್ಟೆ ಎತ್ತಿ. ‘ಒಂದೇ ಒಂದು ತುತ್ತು’ ಅಂತ ಪೂಸಿ ಹೊಡೆದರೆ ಕಾರ್ಡಿಗೆ ಬೆಲೆಯೇ ಇರೋದಿಲ್ಲ. ಮಾತ್ರೆಯ ವಿಷಯ ಬೇರೆ. ‘ನಿಂಗೆ ಬೇಡ, ಗೊತ್ತಾಯ್ತು, ಆದ್ರೂ ನುಂಗಬೇಕು’ ಅಂತ ನೇರವಾಗಿ ಹೇಳಿ.

ಕಾರ್ಡ್ ಕೊಟ್ಟರೆ ಬರೋ ಮಾತೂ ನಿಂತುಹೋಗುತ್ತೆ ಅಂತ ಅಜ್ಜಿ ಹೆದರಿಸಬಹುದು. ಹಾಗೇನೂ ಆಗೋದಿಲ್ಲ. ಅನುಮಾನವಿದ್ದರೆ ಸ್ಪೀಚ್ ಥೆರಪಿಸ್ಟನ್ನು ಕೇಳಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕಿದೆ. ಪುಸ್ತಕ ಬೀರುವಿನಲ್ಲಿ ಸೇರದೆ ಅವರ ಕೈಗೆ ಸಿಗುವಂತಿರಲಿ. ಕಾರ್ಡುಗಳು ಕಳೆಯುತ್ತಲೇ ಇರುತ್ತವೆ, ಫೋಟೋಗಳನ್ನೆಲ್ಲ ಮೊಬೈಲಿನಲ್ಲಿ ಒಂದೇ ಕಡೆ ಇಟ್ಟುಕೊಳ್ಳಿ.