ಪಾಸ್‌ವರ್ಡ್ ನಿಯಮ ಬಿಗಿ ಮಾಡುವ ಮುನ್ನ ಎರಡನೇ ಟರ್ಮಿನಲ್ ತೆರೆದಿಡಿ

ಲಿನಕ್ಸ್ ಸರ್ವರಿನ ಲಾಗಿನ್ ನಿಯಮಗಳಿಗೆ ಕೈ ಹಾಕುವಾಗ ಮೊದಲು ಎರಡು ಟರ್ಮಿನಲ್‌ಗಳಲ್ಲಿ ರೂಟ್ (ಎಲ್ಲ ಅಧಿಕಾರವಿರುವ ನಿರ್ವಾಹಕ ಖಾತೆ) ಆಗಿ ಒಳಹೊಕ್ಕಿರಿ. ಒಂದರಲ್ಲಿ ಕೆಲಸ ಮಾಡಿ, ಇನ್ನೊಂದನ್ನು ಮುಟ್ಟಬೇಡಿ. ಲಾಗಿನ್ ಪರಿಶೀಲಿಸುವ ಪ್ಯಾಮ್ ಕಡತದಲ್ಲಿ ಒಂದು ಸಾಲು ತಪ್ಪಿದರೂ ಹೊಸದಾಗಿ ಯಾರೂ ಒಳಗೆ ಬರಲಾಗದೆ ಹೋಗಬಹುದು. ಹಾಗಾದರೆ ಆಗಲೇ ಒಳಗಿರುವವರು ಮಾತ್ರ ಅದನ್ನು ತಿದ್ದಬಲ್ಲರು. ತಿದ್ದುವ ಕಡತದ ಒಂದು ನಕಲನ್ನೂ ತೆಗೆದಿಡಿ.

ಮೊದಲ ಕೆಲಸ, ಹೊಸ ಪಾಸ್‌ವರ್ಡ್ ಎಷ್ಟು ಗಟ್ಟಿ ಎಂದು ಪರೀಕ್ಷಿಸುವ ಪಿಡಬ್ಲ್ಯೂಕ್ವಾಲಿಟಿಯ ಸಂರಚನಾ ಕಡತ. ಅದರಲ್ಲಿ ಕನಿಷ್ಠ ಉದ್ದ ಸೂಚಿಸುವ ಮಿನ್‌ಲೆನ್ ಸಾಲನ್ನು 15ಕ್ಕೆ ಏರಿಸಿ, ನಿಘಂಟಿನ ಪದಗಳನ್ನು ತಡೆಯುವ ಪರೀಕ್ಷೆ ಚಾಲೂ ಇದೆಯೇ ನೋಡಿ. ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲವೂ ಕಡ್ಡಾಯವೆಂದು ಹಟ ಹಿಡಿಯುವುದು ಬೇಡ. ಹಾಗೆ ಮಾಡಿದರೆ ಜನ ಹಳೆಯ ಪದದ ಕೊನೆಗೆ ಒಂದು ಅಂಕಿ, ಒಂದು ಆಶ್ಚರ್ಯಸೂಚಕ ಅಂಟಿಸುತ್ತಾರೆ, ಅಷ್ಟೆ. ತಿಂಗಳಿಗೊಮ್ಮೆ ಬದಲಿಸಲು ಹೇಳಿದರೆ 1 ಹೋಗಿ 2 ಬರುತ್ತದೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಕೂಡ 2017ರ ಮಾರ್ಗಸೂಚಿಯಲ್ಲಿ ಇವೆರಡೂ ಕಡ್ಡಾಯಗಳು ಬೇಡವೆಂದಿತು. ನಾಲ್ಕೈದು ಸಂಬಂಧವಿಲ್ಲದ ಪದಗಳ ಸಾಲು ನೆನಪಿಗೂ ಸುಲಭ, ಊಹೆಗೂ ನಿಲುಕದು.

ಹೊಸಬರು ಎಡವುವುದು ಇಲ್ಲಿ: ಈ ನಿಯಮ ಪಾಸ್‌ವರ್ಡ್ ಬದಲಿಸುವಾಗ ಮಾತ್ರ ಅನ್ವಯಿಸುತ್ತದೆ. ಹಳೆಯ ದುರ್ಬಲ ಪಾಸ್‌ವರ್ಡ್‌ಗಳು ಹಾಗೇ ಉಳಿಯುತ್ತವೆ. ಅವನ್ನು ಚೇಜ್ ಆಜ್ಞೆಯಿಂದ ಮುಂದಿನ ಲಾಗಿನ್‌ಗೆ ಬದಲಿಸುವಂತೆ ಮಾಡಿ. ಪರೀಕ್ಷೆಯನ್ನೂ ಸಾಮಾನ್ಯ ಬಳಕೆದಾರರ ಖಾತೆಯಿಂದಲೇ ನಡೆಸಿ. ಪೂರ್ವನಿಯೋಜಿತವಾಗಿ ರೂಟ್‌ಗೆ ಬರುವುದು ಎಚ್ಚರಿಕೆ ಮಾತ್ರ, ತಡೆ ಅಲ್ಲ.

ಮುಂದಿನದು ಫೇಲ್‌ಲಾಕ್, ಪದೇ ಪದೇ ತಪ್ಪು ಪಾಸ್‌ವರ್ಡ್ ಕೊಟ್ಟರೆ ಖಾತೆಗೆ ಬೀಗ ಹಾಕುವ ಪ್ಯಾಮ್ ಭಾಗ. ಐದು ಸಲ ತಪ್ಪಿದರೆ ಖಾತೆಗೆ 900 ಸೆಕೆಂಡು ಬೀಗ, ಇಷ್ಟು ಸಾಕು. ಬಿಡುಗಡೆಯ ಸಮಯಕ್ಕೆ 0 ಕೊಟ್ಟರೆ ನೀವು ತೆಗೆಯುವವರೆಗೂ ಬೀಗ ಬಿಡುವುದಿಲ್ಲ. ಆಗ ಯಾರು ಬೇಕಾದರೂ ಬೇಕೆಂದೇ ತಪ್ಪು ಟೈಪಿಸಿ ಸಹೋದ್ಯೋಗಿಯನ್ನು ಹೊರಗೆ ನಿಲ್ಲಿಸಬಹುದು. ಸಂರಚನಾ ಕಡತ ತಿದ್ದಿದ ಮಾತ್ರಕ್ಕೆ ಫೇಲ್‌ಲಾಕ್ ಕೆಲಸ ಮಾಡದು, ಅದನ್ನು ಪ್ಯಾಮ್‌ಗೆ ಜೋಡಿಸಿರಬೇಕು. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಇದಕ್ಕೆ ಆಥ್‌ಸೆಲೆಕ್ಟ್ ಎಂಬ ಆಜ್ಞೆ ಇದೆ. ಅಲ್ಲಿ ಪ್ಯಾಮ್ ಕಡತಕ್ಕೆ ನೇರವಾಗಿ ಕೈ ಹಾಕಬೇಡಿ.

ದೂರದಿಂದ ಬರುವವರಿಗೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ಸೇವೆ) ಕೀಲಿ ಪಾಸ್‌ವರ್ಡಿಗಿಂತ ಬಹಳ ಮೇಲು. ಕೀಲಿಯಿಂದ ಒಮ್ಮೆ ಲಾಗಿನ್ ಆಗಿ ಖಚಿತಪಡಿಸಿಕೊಂಡ ಮೇಲೆಯೇ ಪಾಸ್‌ವರ್ಡ್ ಲಾಗಿನ್ ಮತ್ತು ರೂಟ್ ಲಾಗಿನ್ ಎರಡನ್ನೂ ನಿಲ್ಲಿಸಿ. ಎಸ್‌ಎಸ್‌ಎಚ್ ಸೇವೆಯನ್ನು ಮರುಚಾಲನೆ ಮಾಡುವ ಮೊದಲು ಸಂರಚನಾ ಪರೀಕ್ಷೆ ನಡೆಸಿದರೆ ಅಕ್ಷರದೋಷಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಕೊನೆಗೆ ಮೂರನೇ ಟರ್ಮಿನಲ್ ತೆರೆದು ಸಾಮಾನ್ಯ ಖಾತೆಯಿಂದ ಲಾಗಿನ್ ಆಗಿ, ಸುಡೋ (ಸಾಮಾನ್ಯ ಖಾತೆಯಿಂದ ರೂಟ್ ಅಧಿಕಾರದಲ್ಲಿ ಕೆಲಸ ಮಾಡಿಸುವ ಆಜ್ಞೆ) ಕೆಲಸ ಮಾಡುತ್ತದೆಯೇ ನೋಡಿ. ಮಾಡಿದರೆ ಮಾತ್ರ ಮುಟ್ಟದೆ ಇಟ್ಟಿದ್ದ ಆ ಎರಡನೇ ಟರ್ಮಿನಲ್ ಮುಚ್ಚಿ.