ಪ್ಲೇಟ್‌ಲೆಟ್ ಫಂಕ್ಷನ್ ಟೆಸ್ಟ್: ರಕ್ತ ಕಳಿಸಬೇಡಿ, ನೀವೇ ಹೋಗಿ

ಮಂಗನಕಾಯಿಲೆ, ಡೆಂಗ್ಯೂ ಎರಡನ್ನೂ ಕಂಡ ಶಿರಸಿ-ಸಿದ್ದಾಪುರದ ನಮಗೆ ಪ್ಲೇಟ್‌ಲೆಟ್ (ಗಾಯವಾದಾಗ ಅಂಟಿಕೊಂಡು ರಕ್ತ ನಿಲ್ಲಿಸುವ ಕಣ) ಅಂದರೆ ಕೌಂಟ್ ಅಷ್ಟೇ. ಒಂದೂವರೆ ಲಕ್ಷ ದಾಟಿದರೆ ನಿಶ್ಚಿಂತೆ, ಅಲ್ವಾ? ಆದರೆ ಕೌಂಟ್ ಸರಿಯಿದ್ದೂ ಅವು ಕೆಲಸ ಮಾಡದೇ ಇರಬಹುದು. ನಮ್ಮ ಚಿಕ್ಕಮ್ಮ ದವಡೆ ಹಲ್ಲು ಕೀಳಿಸಿಕೊಂಡ ದಿನ ರಾತ್ರಿಯಿಡೀ ರಕ್ತ ನಿಲ್ಲಲಿಲ್ಲ, ಹತ್ತಿ ಬದಲಾಯಿಸುತ್ತಲೇ ಬೆಳಗಾಯಿತು. ಕೌಂಟ್ ನೋಡಿದರೆ 2.4 ಲಕ್ಷ! ಆಗ ಡಾಕ್ಟರು ಬರೆದದ್ದು ಈ ಟೆಸ್ಟ್.

ಪ್ಲೇಟ್‌ಲೆಟ್ ತುಂಬಿದ ಮಬ್ಬು ಪ್ಲಾಸ್ಮಾಕ್ಕೆ (ರಕ್ತದ ದ್ರವ ಭಾಗ) ಎಡಿಪಿ, ಕೊಲಾಜೆನ್ ತರದ, ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವ ವಸ್ತು ಹಾಕಿ ಬೆಳಕು ಹಾಯಿಸುತ್ತಾರೆ. ಅವು ಒಂದಕ್ಕೊಂದು ಅಂಟಿ ಗಂಟಾದರೆ, ಹಾಲು ಒಡೆದಾಗ ನೀರು ತಿಳಿಯಾಗುವ ಹಾಗೆ, ಬೆಳಕು ಜಾಸ್ತಿ ದಾಟುತ್ತದೆ. 1962ರಿಂದ ಇರುವ ವಿಧಾನ.

ನಾವು ಎಡವಿದ್ದು ಇಲ್ಲಿ. ಊರಿನ ಒಂದು ಲ್ಯಾಬ್‌ನವರು ರಕ್ತ ತೆಗೆದು ಐಸ್ ಡಬ್ಬಿಯಲ್ಲಿಟ್ಟು ಹುಬ್ಬಳ್ಳಿ ಬಸ್ಸಿಗೆ ಹಾಕಿದರು, ನಾವೂ ಸುಮ್ನೆ ಒಪ್ಪಿದೆವು. ಆ ದುಡ್ಡು ನೀರಿಗೆ ಹೋಯಿತು. ಈ ರಕ್ತವನ್ನು ತಂಪಿನಲ್ಲಿ ಇಡಬಾರದು, ಕುಲುಕಬಾರದು, ಸುಮಾರು ನಾಲ್ಕು ಗಂಟೆಯೊಳಗೆ ಟೆಸ್ಟ್ ಮುಗಿಯಬೇಕು. ಹಾಗಾಗಿ ಟೆಸ್ಟ್ ಮಾಡುವ ಆಸ್ಪತ್ರೆಗೆ ಫೋನ್ ಮಾಡಿ, ಯಾವ ದಿನ, ಎಷ್ಟು ಹೊತ್ತಿಗೆ ಅಂತ ಕೇಳಿ, ಅಲ್ಲಿಗೇ ಹೋಗಿ ರಕ್ತ ಕೊಡಿ.

ಹೊರಡುವ ಮುಂಚೆ ಗುಳಿಗೆಗಳ ಪಟ್ಟಿ ಬರೆದಿಡಿ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗಿದ್ದನ್ನೂ ಸೇರಿಸಿ, ಯಾಕೆಂದರೆ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಸಾಯುವ ತನಕ, ಅಂದರೆ 7ರಿಂದ 10 ದಿನ, ಸರಿಹೋಗುವುದಿಲ್ಲ. ಹಾಗಂತ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಲೇಬೇಡಿ, ಜೀವಕ್ಕೇ ಅಪಾಯ. ಆ ಬೆಳಿಗ್ಗೆ ತುಪ್ಪ, ಎಣ್ಣೆ ಪದಾರ್ಥ ಬೇಡ. ಪ್ಲಾಸ್ಮಾದಲ್ಲಿ ಕೊಬ್ಬು ತುಂಬಿದರೆ ಬೆಳಕಿನ ಲೆಕ್ಕ ತಪ್ಪುತ್ತದೆ.

ಎಲ್ಲರಿಗೂ ಬೇಕಾದ ಟೆಸ್ಟ್ ಇದಲ್ಲ. ಸ್ಟೆಂಟ್ ಆದವರಿಗೆಲ್ಲ ಇಂಥ ಟೆಸ್ಟ್ ಮಾಡಿಸಿ, ಪ್ಲೇಟ್‌ಲೆಟ್ ಅಂಟದಂತೆ ಕೊಡುವ ಔಷಧದ ಪ್ರಮಾಣ ಬದಲಿಸಿದರೆ ಲಾಭವಿದೆಯೇ ಅಂತ ದೊಡ್ಡ ಅಧ್ಯಯನಗಳು ನಡೆದವು, 2011ರ ಗ್ರಾವಿಟಾಸ್ ಅಂಥದ್ದೊಂದು. ಲಾಭ ಕಾಣಲಿಲ್ಲ. ಆದರೆ ಅಂಥದ್ದೇ ಔಷಧವಾದ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಬೈಪಾಸ್ ಬೇಕಾದಾಗ, ಗುಳಿಗೆ ನಿಲ್ಲಿಸಿ ಎಷ್ಟು ದಿನ ಕಾಯಬೇಕು ಅಂತ ತೀರ್ಮಾನಿಸಲು ನೆರವಾಗುತ್ತದೆ. ಹಲ್ಲು ಕಿತ್ತಾಗ, ಹೆರಿಗೆಯಲ್ಲಿ, ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವವರು, ಮೈಮೇಲೆ ಸುಮ್ಮಸುಮ್ಮನೆ ನೀಲಿಗಟ್ಟುವವರು ಡಾಕ್ಟರ ಹತ್ತಿರ ಖಂಡಿತ ಇದರ ಬಗ್ಗೆ ಕೇಳಿ. ಫಲಿತಾಂಶ ಕೆಟ್ಟದಾಗಿ ಬಂದರೆ ಕಂಗಾಲಾಗಬೇಡಿ, ಇನ್ನೊಂದು ಸಲ ಮಾಡಿಸಿ ಖಾತ್ರಿ ಮಾಡಿಕೊಳ್ಳಿ.