ಆರ್ಡರ್ ತಡೆಹಿಡಿದಾಗ ನಾನು ಮಾಡಿದ್ದೇನು

ನಮ್ಮ ಸಂಸ್ಥೆಯ ಸಿಬ್ಬಂದಿಗೆ ಸಮವಸ್ತ್ರ ತರಿಸುವುದು ನನ್ನ ಕೆಲಸ. ಪ್ರತಿ ವರ್ಷ ಒಂದೇ ಬ್ರ್ಯಾಂಡ್‌ಗೆ ದೊಡ್ಡ ಆರ್ಡರ್ ಹೋಗುತ್ತಿತ್ತು. ಅವರಿಗೆ ಬಟ್ಟೆ ಹೊಲಿದು ಕೊಡುವ ಕಾರ್ಖಾನೆಯಲ್ಲಿ ಓವರ್‌ಟೈಮ್ ದುಡ್ಡು ಬಾಕಿ ಇದೆ, ಸಂಘ ಕಟ್ಟಲು ಹೊರಟವರನ್ನು ಮನೆಗೆ ಕಳಿಸಿದ್ದಾರೆ ಅಂತ ಗೊತ್ತಾಯಿತು.

ಮೊದಲು ಅಲ್ಲಿನ ಕಾರ್ಮಿಕ ಸಂಘದವರನ್ನೇ ಕೇಳಿದೆ. ನಾವು ಖರೀದಿ ನಿಲ್ಲಿಸಿದರೆ ನಿಮಗೆ ಸಹಾಯ ಆಗುತ್ತಾ, ಇಲ್ಲಾ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತಾ? ಇದನ್ನು ಕೇಳದೆ ಬಹಿಷ್ಕಾರಕ್ಕೆ ಇಳಿಯಲೇಬಾರದು. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ಬಟ್ಟೆ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಆಗಲೂ ಅಲ್ಲಿನ ಹಲವು ಕಾರ್ಮಿಕ ನಾಯಕರು ಬಾಂಗ್ಲಾದೇಶದ ಬಟ್ಟೆ ಬಿಡಬೇಡಿ, ಬ್ರ್ಯಾಂಡ್‌ಗಳ ಮೇಲೆ ಒತ್ತಡ ಹಾಕಿ ಅಂತಲೇ ಕೇಳಿಕೊಂಡರು. ಮುಂದಿನ ತಿಂಗಳೇ ಬ್ರ್ಯಾಂಡ್‌ಗಳು ಕಾರ್ಮಿಕ ಸಂಘಗಳ ಜೊತೆ ಕಟ್ಟಡ ಸುರಕ್ಷತೆಯ ಒಪ್ಪಂದಕ್ಕೆ ಸಹಿ ಹಾಕತೊಡಗಿದವು. ಅದು ಬರೀ ಭರವಸೆ ಅಲ್ಲ, ಕಾನೂನಿನ ಬಲ ಇದ್ದ ಒಪ್ಪಂದ.

ನಮಗೆ ಸಂಘದವರು ಹೇಳಿದ್ದು, ಆರ್ಡರ್ ತಡೆಹಿಡಿಯಿರಿ, ಆದರೆ ಅದನ್ನು ಬೇರೆಯವರಿಗೆ ಕೊಡಬೇಡಿ ಅಂತ.

ಮೇಲಿನವರನ್ನು ಒಪ್ಪಿಸಲು ರಸೆಲ್ ಅಥ್ಲೆಟಿಕ್ ಅನ್ನೋ ಅಮೆರಿಕದ ಕ್ರೀಡಾ ಉಡುಪಿನ ಕಂಪನಿಯ ಕಥೆ ಕೆಲಸಕ್ಕೆ ಬಂತು. ಹೊಂಡುರಾಸ್‌ನಲ್ಲಿ ಸಂಘ ಕಟ್ಟಿಕೊಂಡ ಕಾರ್ಖಾನೆಯನ್ನು ಆ ಕಂಪನಿ ಮುಚ್ಚಿತು, ಸುಮಾರು 1,200 ಜನ ಕೆಲಸ ಕಳೆದುಕೊಂಡರು. ವಿದ್ಯಾರ್ಥಿಗಳು ಹಟ ಹಿಡಿದು ಅಮೆರಿಕದ ವಿಶ್ವವಿದ್ಯಾಲಯಗಳು ಒಂದೊಂದಾಗಿ ತಮ್ಮ ಲೋಗೋ ಹಾಕಿದ ಬಟ್ಟೆ ಮಾಡಲು ಆ ಕಂಪನಿಗೆ ಕೊಟ್ಟಿದ್ದ ಒಪ್ಪಂದ ರದ್ದು ಮಾಡಿದಾಗ, 2009ರ ನವೆಂಬರ್‌ನಲ್ಲಿ ಕಂಪನಿ ಆ ಕಾರ್ಮಿಕರನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಿತು. ಒಬ್ಬೊಬ್ಬರೇ ಸುಮ್ನೆ ಕೊಳ್ಳುವುದು ಬಿಟ್ಟರೆ ಕಂಪನಿಗೆ ಕಾರಣವೇ ತಿಳಿಯಲ್ಲ, ಆ ವರ್ಷ ವ್ಯಾಪಾರ ಕಮ್ಮಿ ಅಂದುಕೊಳ್ಳುತ್ತದೆ ಅಷ್ಟೇ.

ಆರ್ಡರ್ ತಡೆಹಿಡಿದು ಬ್ರ್ಯಾಂಡ್‌ಗೆ ಬರೆದ ಪತ್ರದಲ್ಲಿ ಎರಡೇ ಬೇಡಿಕೆ ಇಟ್ಟೆ: ಬಾಕಿ ಕೊಡಿ, ತೆಗೆದವರನ್ನು ವಾಪಸ್ ಸೇರಿಸಿಕೊಳ್ಳಿ. ಕಾರ್ಖಾನೆ ನಮ್ಮದಲ್ಲ, ಆಡಿಟ್ ವರದಿ ಚೆನ್ನಾಗಿದೆ ಅಂತ ಉತ್ತರ ಬಂತು. ದರ, ಗಡುವು ಎರಡನ್ನೂ ಗೊತ್ತು ಮಾಡುವವರು ನೀವೇ ಅಲ್ವಾ, ಹಾಗಾದರೆ ಸಂಬಳದ ವಿಷಯಕ್ಕೆ ಬಂದಾಗ ಕಾರ್ಖಾನೆ ಯಾರೋ ಬೇರೆಯವರದ್ದು ಹೇಗಾಗುತ್ತದೆ ಅಂತ ಕೇಳಿದೆ. ಆಮೇಲೆ ಉತ್ತರ ಬರುವುದು ನಿಧಾನವಾಯಿತು, ಆದರೆ ಭಾಷೆ ಬದಲಾಯಿತು.

ಬಾಕಿ ಕಂತಿನಲ್ಲಿ ಸಿಕ್ಕಿತು. ತೆಗೆದವರಲ್ಲಿ ಹೆಚ್ಚಿನವರು ಕೆಲಸಕ್ಕೆ ಮರಳಿದರು. ಸಂಘಕ್ಕೆ ಮಾನ್ಯತೆ ಮಾತ್ರ ಇನ್ನೂ ಸಿಕ್ಕಿಲ್ಲ. ಹಾಗಾಗಿ ಈಗ ಅರ್ಧ ಆರ್ಡರ್ ಮಾತ್ರ ಕೊಟ್ಟಿದ್ದೇವೆ, ಹೊಲಿಯಲು ಜಾಸ್ತಿ ಸಮಯವನ್ನೂ ಕೊಟ್ಟಿದ್ದೇವೆ. ಉಳಿದರ್ಧ ಆ ಮಾನ್ಯತೆ ಸಿಕ್ಕ ಮೇಲೆ.